ಹೂಂಗುಟ್ಟುವವರು ಬೇಕು

ಮೊನ್ನೆ ನಾನೊಂದು ಕುರ್ಚಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದೆ. ಬಸ್ಸು ತುಂಬಿತ್ತು. ಕುರ್ಚಿ ಆರಾಮವಾಗಿ ನಿಂತಿತ್ತು, ನಾನು ಅದರ ಬೆನ್ನು ಹಿಡಿದು ಓಲಾಡುತ್ತಿದ್ದೆ. ಅದರ ಮೇಲೆ ಕೂತುಬಿಡೋಣ ಅನಿಸಿತು, ಆದರೆ ಅರವತ್ತು ದಾಟಿದ ಮನುಷ್ಯ ಬಸ್ಸಿಗೆ ಮನೆಯಿಂದಲೇ ಸೀಟು ತಂದಿದ್ದಾನೆ ಎಂದು ಜನ ಅಂದುಕೊಂಡಾರು ಎಂದು ಸುಮ್ಮನಾದೆ.

ಆದದ್ದಿಷ್ಟು. ಲಂಡನ್ನಿನ ವೆಂಬ್ಲಿಯಲ್ಲಿ ನಾವು ಮೊದಲಿದ್ದ ಬೀದಿಯ ಚರ್ಚಿನ ಹಿಂದೆ ಒಂದು ಹಾಲ್ ಇತ್ತು. ಈಗ ಅದನ್ನು ಕೆಡವಿ ಫ್ಲ್ಯಾಟು ಕಟ್ಟುತ್ತಾರಂತೆ. ಈಲಿಂಗ್ ರೋಡಿನಲ್ಲಿ ಮೆಂತ್ಯದ ಸೊಪ್ಪು ಕೊಂಡು ಆ ದಾರಿಯಲ್ಲಿ ಬರುತ್ತಿದ್ದೆ. ಹೊರಗೆ ಹಾಕಿದ್ದ ರದ್ದಿ ಸಾಮಾನಿನ ಮೇಲೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕುರ್ಚಿಯೊಂದು ಕಾಲು ಮೇಲೆ ಮಾಡಿ ಬಿದ್ದಿತ್ತು. ಬೆನ್ನಿನ ನಟ್ಟನಡುವೆ ಉದ್ದನೆಯ ಬಿರುಕು. ಆ ಬಿರುಕು ನೋಡಿದೊಡನೆ ನಡುರಸ್ತೆಯಲ್ಲೇ ಒಬ್ಬನೇ ನಗಲು ಶುರು ಮಾಡಿದೆ. ಕೆಲಸದವನನ್ನು ಕೇಳಿದರೆ, "ತಗೊಂಡು ಹೋಗಿ ಮಹರಾಯರೇ" ಎಂದ.

ರೇನರ್ಸ್ ಲೇನಿನ ಮನೆ ತಲುಪಿದಾಗ ನನ್ನ ಹೆಂಡತಿ ಬಾಗಿಲಲ್ಲೇ ಹಿಡಿದಳು. "ಏನ್ರೀ ಇದು? ಮೆಂತೆ ಪಲ್ಯಾ ತರಾಕ ಹೋದವ್ರು ಕುರ್ಚಿ ಹೊತ್ಕೊಂಡ ಬಂದೀರಿ? ಮೆಂತೆ ಎಲ್ಲೈತಿ?"

ಮೆಂತ್ಯ ಬಸ್ಸಿನಲ್ಲೇ ಉಳಿದಿತ್ತು.

ಈ ಕುರ್ಚಿಯ ಕಥೆ ಹೇಳಬೇಕಾದರೆ ಜೋಸೆಫ್ ಕಾಕಾನಿಂದ ಶುರು ಮಾಡಬೇಕು. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಫ್ಲ್ಯಾಟಿನ ಕೆಳಗಿನ ಫ್ಲ್ಯಾಟಿನಲ್ಲಿ ಅವರಿದ್ದರು. ಹುಟ್ಟಿದ್ದು ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪದಲ್ಲಿ, ಲಂಡನ್ನಿನಲ್ಲಿ ಬಸ್ ಡ್ರೈವರು. ಧಾರವಾಡದ ಕಡೆಯ ನಮಗೆ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. ಮಿಸ್ಟರ್ ಎಂದರೆ ಬ್ಯಾಂಕಿನವರು ಕರೆದಂತಾಗುತ್ತದೆ. ಹಾಗಾಗಿ ಮೊದಲ ವಾರವೇ ಕಾಕಾ ಆದರು. ಕಾಕಾ ಎಂದರೇನು ಎಂದು ಕೇಳಿದರು. ಅಪ್ಪನ ತಮ್ಮ ಎಂದೆ. "ಹಾಗಾದರೆ ನಿಮ್ಮ ಹೊಲದಲ್ಲಿ ನನ್ನದೂ ಪಾಲಿದೆ ಅನ್ನು" ಎಂದು ಮೆಟ್ಟಿಲು ನಡುಗುವಂತೆ ನಕ್ಕರು. (ಈ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲೇ ಎಂದು ಬೇರೆ ಹೇಳಬೇಕಾಗಿಲ್ಲ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ, ಅವರ ನಗುವೊಂದನ್ನು ಬಿಟ್ಟು.)

ಕಾಕಾ ಪ್ರತಿ ಶನಿವಾರ ಆ ಹಾಲಿನಲ್ಲಿ ಸುತ್ತಲಿನ ಕಪ್ಪು ಹುಡುಗರನ್ನು ಸೇರಿಸುತ್ತಿದ್ದರು. "ನಮ್ಮ ಹುಡುಗರು ಸ್ಕೂಲಿನಲ್ಲಿ ಮಾತಾಡಿದರೆ ಜಗಳಗಂಟರು, ಸುಮ್ಮನಿದ್ದರೆ ಸೊಕ್ಕಿನವರು. ಎರಡರ ನಡುವೆ ಬದುಕುವುದು ಹೇಗೆ ಅಂತ ಯಾರಾದರೂ ಹೇಳಬೇಕಲ್ಲ" ಎನ್ನುತ್ತಿದ್ದರು. ವಾರಕ್ಕೊಬ್ಬರು ದೊಡ್ಡವರು ಬಂದು ಕಿತ್ತಳೆ ಕುರ್ಚಿಯ ಮೇಲೆ ಕೂತು ತಮ್ಮ ಶಾಲೆಯ ದಿನಗಳನ್ನು ಹೇಳಬೇಕು. ಒಂದು ವಾರ ನರ್ಸು, ಇನ್ನೊಂದು ವಾರ ಎಲೆಕ್ಟ್ರಿಷಿಯನ್, ಮತ್ತೊಂದು ವಾರ ಚರ್ಚಿನ ಆರ್ಗನ್ ನುಡಿಸುವಾಕೆ. ನಿಯಮ ಒಂದೇ: ನಡೆದದ್ದು ಹೇಳಬೇಕು, ಉಪದೇಶ ಮಾಡಬಾರದು. ಉಪದೇಶ ಶುರುವಾದರೆ ಹುಡುಗರು ಮರದ ನೆಲವನ್ನು ಕಾಲಿನಿಂದ ಗುದ್ದುತ್ತಿದ್ದರು. ಉಪದೇಶ ನಿಲ್ಲುವವರೆಗೂ ಗುದ್ದುತ್ತಿದ್ದರು.

ಒಂದು ಶನಿವಾರ ನನ್ನ ಸರದಿ ಬಂತು. ನಾನೋ ಕನ್ನಡಸಂಘದ ವೇದಿಕೆಗಳಲ್ಲಿ ಪಳಗಿದವನು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದೆ. ಸಂಘಟಕರಿಗೆ, ಚರ್ಚಿನವರಿಗೆ, ಚಹಾ ಮಾಡಿದವರಿಗೆ ವಂದನೆ ಸಲ್ಲಿಸಿ, "ಬಾಳಿನಲ್ಲಿ ಶಿಸ್ತು ಎಂಬುದು" ಎಂದೆ. ದಬದಬ ಎಂದಿತು ನೆಲ. "ಅಂದರೆ, ವಿದ್ಯಾರ್ಥಿಯಾದವನು" ಎಂದೆ. ದಬದಬದಬ. ಕಿಟಕಿಯ ಗಾಜು ಅದುರಿತು. ಕಾಕಾ ಮೂಲೆಯಲ್ಲಿ ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಮ್ಮೂರಿನ ಸಭೆಗಳಿಗೂ ಇಂಥ ನೆಲ ಇದ್ದಿದ್ದರೆ ಎಷ್ಟು ಜನ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದರೋ!

ಕೋಟು ತೆಗೆದಿಟ್ಟು ಕಥೆಗೆ ಬಂದೆ. "ನಾನು ಹಳ್ಳಿಯ ಕನ್ನಡ ಶಾಲೆಯಿಂದ ಧಾರವಾಡದ ಕಾಲೇಜಿಗೆ ಹೋದೆ" ಎಂದು ಹೇಳಿ ನಿಲ್ಲಿಸಿದೆ. ಹುಡುಗರು ನನ್ನನ್ನು ನೋಡಿದರು, ನಾನು ಹುಡುಗರನ್ನು ನೋಡಿದೆ.

"ಯಾಕೆ ನಿಲ್ಲಿಸಿದಿರಿ?" ಎಂದ ಮಾರ್ಲನ್ ಎಂಬ ಹುಡುಗ.

"ನೀವು ಹೂಂ ಅನ್ನಲಿಲ್ಲವಲ್ಲ."

ಆಗಲೇ ನನಗೂ ಹೊಳೆದದ್ದು. ನನ್ನ ಅಜ್ಜಿ ಕಥೆ ಹೇಳುವಾಗ ಮಾತುಮಾತಿಗೆ ನಾವು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕಥೆಯೂ ನಿಂತಿತು, ಮಕ್ಕಳು ಮಲಗಿದರು ಎಂದು ಅರ್ಥ. ಇದನ್ನು ವಿವರಿಸಿದ್ದೇ ತಡ, ಇಡೀ ಹಾಲ್ "ಹೂಂ!" ಎಂದು ಗುಡುಗಿತು. ಕಾಕಾ ಓಡಿ ಬಂದು ನನ್ನ ಭುಜ ಹಿಡಿದು ಅಲುಗಾಡಿಸಿದರು. "ನಮ್ಮ ದ್ವೀಪದಲ್ಲಿ ಕಥೆ ಹೇಳುವವನು ಕ್ರಿಕ್ ಅಂತಾನೆ. ಕೇಳುವವರು ಕ್ರ್ಯಾಕ್ ಅನ್ನದಿದ್ದರೆ ಅವನು ಮುಂದೆ ಹೋಗೋದೇ ಇಲ್ಲ! ನೀನು ನಿಜವಾಗಲೂ ನನ್ನ ಅಣ್ಣನ ಮಗನೇ ಕಣಯ್ಯ!"

ಕಥೆ ಮುಂದುವರಿಯಿತು. ನನ್ನ ಬಳಿ ಇದ್ದ ಇಂಗ್ಲಿಷ್ ಒಂದೇ ವಾಕ್ಯ, 'ಮೇ ಐ ಕಮ್ ಇನ್ ಸರ್'. ಒಳಗೆ ಹೋಗಲು ಅದೇ, ಹೊರಗೆ ಬರಲು ಅದೇ, ನೀರು ಕುಡಿಯಲೂ ಅದೇ. (ಹೂಂ.) ಒಂದು ದಿನ ಲೆಕ್ಕಶಾಸ್ತ್ರದ ಮೇಷ್ಟ್ರು ಏನೋ ಪ್ರಶ್ನೆ ಕೇಳಿದರು. ಎದ್ದು ನಿಂತು ಅದನ್ನೇ ಅಂದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. (ಹೂಂ, ಆದರೆ ಮೆತ್ತಗೆ.) ಮರುದಿನದಿಂದ ನಾನು ಕಾಲೇಜಿಗೆ ಹೋಗದೆ ರೈಲ್ವೆ ಸ್ಟೇಷನ್ನಿನಲ್ಲಿ ಕೂತು ಗಾಡಿ ನೋಡತೊಡಗಿದೆ. ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ ನನ್ನ ದೊಡ್ಡಪ್ಪನ ಮಗ ಬಸಣ್ಣನಿಗೆ ಸುದ್ದಿ ಹೋಯಿತು. ಅವನು ಬೈಯಲಿಲ್ಲ. ತಲೆತುಂಬ ಹಿಟ್ಟು ಮೆತ್ತಿಕೊಂಡೇ ನನ್ನ ಜೊತೆ ಕ್ಲಾಸಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂತ. ಮೇಷ್ಟ್ರು, "ನೀ ಯಾರಪಾ?" ಎಂದರು. "ನಾ ಇವನ ಜೊತಿಗೆ ಬಂದೀನ್ರಿ ಸರ" ಎಂದ. ಮೇಷ್ಟ್ರಿಗೆ ಏನನಿಸಿತೋ, ಇರಲಿ ಬಿಡು ಎಂದರು. ರಾತ್ರಿಪಾಳಿ ಮುಗಿಸಿ ಬಂದವನು, ಎರಡನೆಯ ಪೀರಿಯಡ್ಡಿಗೆ ಗೊರಕೆ ಹೊಡೆಯತೊಡಗಿದ. ಕ್ಲಾಸು ಮತ್ತೆ ಬಿದ್ದು ಬಿದ್ದು ನಕ್ಕಿತು. ಈ ಸಲ ನಾನೂ ನಕ್ಕೆ. ಆಮೇಲೆ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಹುಡುಗರು ನೆಲದ ಮೇಲೆ ಉರುಳಾಡಿದರು. ನಗದೆ ಇದ್ದವನು ಒಬ್ಬನೇ, ಕಾಕಾನ ಮೊಮ್ಮಗ ಲಿಯಾನ್. ಹದಿನಾಲ್ಕರ ಹುಡುಗ. ಅವನ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ಎದುರು ನಿಂತು ಮಾತಾಡುವ ಪರೀಕ್ಷೆಯಿತ್ತು. ಮೊದಲ ಸಲ ಅವನಿಗೆ ಗಂಟಲು ಕಟ್ಟಿತ್ತು, ಹುಡುಗರು ನಕ್ಕಿದ್ದರು, ಅವನು ಬಾಗಿಲು ದಢಾರನೆ ಹಾಕಿಕೊಂಡು ಹೊರಟುಬಿಟ್ಟಿದ್ದ. ಬಾಗಿಲು ಹಾಕಿದ್ದಕ್ಕೆ ಸ್ಕೂಲಿನವರು ಕೆಲವು ದಿನ ಮನೆಯಲ್ಲಿರು ಎಂದಿದ್ದರು. ಗಂಟಲು ಕಟ್ಟಿದ್ದು ಯಾಕೆಂದು ಮಾತ್ರ ಯಾರೂ ಕೇಳಿರಲಿಲ್ಲ. ಬರುವ ಬುಧವಾರ ಇನ್ನೊಂದು ಅವಕಾಶ ಕೊಟ್ಟಿದ್ದರು. ಲಿಯಾನ್ ಇನ್ನು ಆ ಸ್ಕೂಲಿನ ಗೇಟನ್ನೇ ದಾಟುವುದಿಲ್ಲ ಎಂದು ಹಠ ಹಿಡಿದು ಕೂತಿದ್ದ. ಕಾಕಾ ಆ ವಾರ ನನ್ನನ್ನು ಯಾಕೆ ಕುರ್ಚಿಗೆ ಏರಿಸಿದ್ದರು ಎಂದು ನನಗೆ ತಿಳಿದದ್ದು ಆಮೇಲೆ.

"ಬಸಣ್ಣ ಅಲ್ಲಿ ಹಿಂದೆ ಕೂತು ಏನು ಮಾಡಿದ?" ಎಂದು ಲಿಯಾನ್ ಕೇಳಿದ.

"ಏನೂ ಇಲ್ಲ. ಇದ್ದ, ಅಷ್ಟೇ."

ಅವನು ಸರಿ ಎಂಬಂತೆ ತಲೆಯಾಡಿಸಿದ. ಮಾರ್ಲನ್ ಅವನನ್ನೇ ನೋಡುತ್ತಿದ್ದ. ಇಬ್ಬರದೂ ಒಂದೇ ಕ್ಲಾಸು.

ಮುಂದಿನ ಶನಿವಾರ ಹಾಲಿಗೆ ಹೋದರೆ ಬುಧವಾರದ ಕ್ಲಾಸಿನ ನಾಟಕವೇ ನಡೆಯುತ್ತಿತ್ತು. ಲಿಯಾನ್ ಲಿಯಾನನಾಗಿಯೇ ನಿಂತಿದ್ದ. ಮಾರ್ಲನ್ ಯಾರದೋ ಸ್ಕಾರ್ಫು ಹೊದ್ದು ಟೀಚರಮ್ಮನಾಗಿದ್ದ. ಬುಧವಾರ ಲಿಯಾನ್ ಸ್ಕೂಲಿಗೆ ಹೋಗಿದ್ದ! ತಾತನ ಬಸ್ಸಿನ ಬಗ್ಗೆ ಮಾತಾಡಲು ನಿಂತು ಎರಡು ಮಾತು ಆಡುವಷ್ಟರಲ್ಲಿ ಮತ್ತೆ ಗಂಟಲು ಕಟ್ಟಿತು. ಕಿಸಕಿಸ ಶುರುವಾಯಿತು. ಆಗ ಹಿಂದಿನ ಸಾಲಿನಿಂದ ಮಾರ್ಲನ್ ದಪ್ಪ ದನಿಯಲ್ಲಿ "ಹೂಂ" ಎಂದ. ಇನ್ನೊಂದು ಮೂಲೆಯಿಂದ ನಮ್ಮ ಹಾಲಿನದೇ ಮತ್ತೊಬ್ಬ ಹುಡುಗ "ಹೂಂ" ಎಂದ. ಏನದು ಗಲಾಟೆ ಎಂದು ಟೀಚರು ಗದರಿದರು.

"ಮಿಸ್, ನಾವು ಕೇಳ್ತಾ ಇದ್ದೇವೆ ಅಂತ ಅರ್ಥ. ಇಲ್ಲದಿದ್ದರೆ ಕಥೆ ನಿಂತುಹೋಗುತ್ತೆ" ಎಂದ ಮಾರ್ಲನ್.

ಲಿಯಾನನಿಗೆ ನಗು ಬಂತು. ನಗು ಬಂದ ಗಂಟಲು ಕಟ್ಟಿಕೊಂಡಿರಲು ಸಾಧ್ಯವೇ? ತಾತ ಹಿಮದ ದಿನ ಬಸ್ಸನ್ನು ತಪ್ಪು ಬೀದಿಗೆ ತಿರುಗಿಸಿ, ಹೇಗೂ ಬಂದದ್ದಾಯಿತೆಂದು ಎಲ್ಲ ಪ್ರಯಾಣಿಕರನ್ನೂ ಮನೆಬಾಗಿಲಲ್ಲೇ ಇಳಿಸಿದ ಕಥೆ ಹೇಳಿದ. ಕ್ಲಾಸಿಗೆ ಕ್ಲಾಸೇ ಹೂಂಗುಟ್ಟಿತು. ಕೊನೆಗೆ ಟೀಚರೂ ಒಂದು ಹೂಂ ಅಂದರಂತೆ. ಮಾರ್ಲನ್ ಆ ಹೂಂ ಅನ್ನು ಎಂಥ ಸಣ್ಣ ದನಿಯಲ್ಲಿ ಅಭಿನಯಿಸಿದ ಎಂದರೆ, ನಕ್ಕು ನಕ್ಕು ಕಣ್ಣೀರು ಸುರಿಸುತ್ತಿದ್ದ ಕಾಕಾ ಧೊಪ್ಪನೆ ಕುರ್ಚಿಯ ಮೇಲೆ ಬಿದ್ದರು. ಫಟ್ ಎಂದಿತು. ಅದೇ ಈ ಬಿರುಕು.

"ಕ್ರ್ಯಾಕ್!" ಎಂದು ಹುಡುಗರೆಲ್ಲ ಒಟ್ಟಿಗೆ ಕೂಗಿದರು.

ಹಾಲ್ ಮುಂದೆಯೂ ಕೆಲವು ವರ್ಷ ನಡೆಯಿತು. ಹುಡುಗರು ದೊಡ್ಡವರಾದರು, ಹೊಸಬರು ಬಂದರು. ಆಮೇಲೆ ಕಾಕಾ ತೀರಿಕೊಂಡರು. ಶನಿವಾರಗಳೂ ಅವರ ಜೊತೆಯೇ ಹೋದವು. ನಾವು ರೇನರ್ಸ್ ಲೇನಿಗೆ ಬಂದ ಮೇಲೆ ನನಗಂತೂ ಬಹಳ ವರ್ಷ ಆ ಬೀದಿಗೆ ಹೋಗಲು ಕಾಲೇ ಏಳುತ್ತಿರಲಿಲ್ಲ. ಕಥೆ ಹೇಳುವ ಚಟವೂ ಬಿಟ್ಟುಹೋಯಿತು. ಮಗಳಿಗೆ ಏನಾದರೂ ಹೇಳಹೊರಟರೆ, ಚಿಕ್ಕದಾಗಿ ಹೇಳಿ ಡ್ಯಾಡ್ ಎನ್ನುತ್ತಾಳೆ.

ಕುರ್ಚಿಯನ್ನು ಒರೆಸಿ, ಫೋಟೋ ತೆಗೆದು ಲಿಯಾನನಿಗೆ ಕಳಿಸಿದೆ. ಅವನೀಗ ಅದೇ ಸ್ಕೂಲಿನಲ್ಲಿ ಮೇಷ್ಟ್ರು. ಫೋನು ಕೂಡಲೇ ಹೊಡೆದುಕೊಂಡಿತು. ನನಗಿಂತ ಮೊದಲು ಅವನೇ ನಗುತ್ತಿದ್ದ.

"ಅಂಕಲ್, ಸ್ಕೂಲಿನಲ್ಲಿ ಶನಿವಾರಕ್ಕೆ ಒಂದು ರೂಮು ಸಿಕ್ಕಿದೆ. ಹುಡುಗರಿದ್ದಾರೆ. ಕುರ್ಚಿ ಇಲ್ಲ ಅಂದುಕೊಂಡಿದ್ದೆ, ಅದೂ ಸಿಕ್ಕಿತು. ಮೊದಲ ವಾರ ನೀವೇ."

"ನನಗೆ ವಯಸ್ಸಾಯಿತಪ್ಪ. ನನ್ನ ಹತ್ತಿರ ಈಗ ಏನು ಕಥೆಯಿದೆ? ಅದೂ ಅಲ್ಲದೆ, ಇಂದಿನ ಹುಡುಗರಾದವರು ಮೊದಲು ಏನು ಮಾಡಬೇಕೆಂದರೆ"

ಫೋನಿನ ಆ ಕಡೆ ದಬದಬ ಎಂದು ನೆಲ ಗುದ್ದುವ ಸದ್ದು. ನಾನು ಬಾಯಿ ಮುಚ್ಚಿದೆ. ಆಗ ಅವನು ಥೇಟ್ ತಾತನ ದನಿಯಲ್ಲಿ, "ಹೂಂ" ಎಂದ.

ನನ್ನ ಕಣ್ಣು ತುಂಬಿ ಬಂತು, ನಗುವೂ ಬಂತು. ಬಿರುಕಿಗೆ ಬೆನ್ನು ಸಿಕ್ಕಿಕೊಳ್ಳದಂತೆ ಹುಷಾರಾಗಿ ಕಿತ್ತಳೆ ಕುರ್ಚಿಯ ಮೇಲೆ ಕೂತೆ.

"ಒಂದೂರಿನಲ್ಲಿ ಒಬ್ಬ ಬಸ್ ಡ್ರೈವರ್ ಇದ್ದ" ಎಂದೆ.

ಫೋನಿನೊಳಗಿಂದ ಲಿಯಾನ್, ಅಡಿಗೆಮನೆಯಿಂದ ಮೆಂತ್ಯವಿಲ್ಲದ ಸಾರು ಕುದಿಸುತ್ತಿದ್ದ ನನ್ನ ಹೆಂಡತಿ, ಇಬ್ಬರೂ ಒಟ್ಟಿಗೆ ಹೂಂ ಅಂದರು.