ದಿನ್ನಿ ಓಣಿಗೆ ಏರಿದ ನೀರು

ಬೆಳಿಗ್ಗೆ ಏಳಕ್ಕೆ ಗುರಣ್ಣ ವಾಲ್ವಿನ ಗುಂಡಿಯಲ್ಲಿ ಕೂತು, ವಾಲ್ವ್ ತಿರುಗಿಸುವ ಕಬ್ಬಿಣದ ಉದ್ದನೆಯ ಚಾವಿಯ ಒಂದು ತುದಿಯನ್ನು ಪೈಪಿಗೂ ಇನ್ನೊಂದು ತುದಿಯನ್ನು ಕಿವಿಗೂ ಹಚ್ಚಿದ್ದ. ನೀರು ಎಲ್ಲಿಯವರೆಗೆ ಹೋಗಿದೆ, ಎಲ್ಲಿ ಗಾಳಿ ಕಟ್ಟಿದೆ ಎಂಬುದು ಅವನಿಗೆ ತಿಳಿಯುವುದು ಹೀಗೆಯೇ. ಟಿಕೋಟಾ ಮತ್ತು ಬಬಲೇಶ್ವರದ ನಡುವಿನ ಈ ಊರಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ನೀರು ಬಿಡುವವನು ಅವನು. ಪಂಚಾಯ್ತಿಯ ಕಾಗದದಲ್ಲಿ ಮಾತ್ರ ಇನ್ನೂ ಹಂಗಾಮಿ.

"ಏನ ಹೇಳಾಕತ್ತೈತಿ ನಿನ್ನ ಪೈಪ?"

ಗುಂಡಿಯ ಮೇಲಿನಿಂದ ಕೇಳಿದವನು ಸುಭಾಷ, ನಳ ಹಾಕುವ ಗುತ್ತಿಗೆದಾರರ ಪರವಾಗಿ ಕೆಲಸ ನೋಡಿಕೊಳ್ಳುವವನು. ಬೈಕಿನಿಂದ ಇಳಿಯದೆಯೇ ಮಾತು ಮುಗಿಸುವುದು ಅವನ ರೂಢಿ.

"ನಿಮಗಿಂತ ಖರೇ ಹೇಳತೈತ್ರಿ."

ಸುಭಾಷ ನಕ್ಕ. "ಹತ್ತಕ್ಕ ವಿಜಯಪುರದಿಂದ ಕೆಲಸ ನೋಡಾಕ ಮೇಡಂ ಬರ್ತಾರ. ಕೆಳಗಿನ ಮೂರೂ ಓಣಿ ಬಂದ್ ಮಾಡು. ಇದ್ದಬದ್ದ ನೀರೆಲ್ಲಾ ದಿನ್ನಿಗೆ ಏರ್ಸು. ಒಂದ ತಾಸು ಸಾಕು. ಆಮ್ಯಾಲೆ ನೀ ಆತು, ನಿನ್ನ ಚಾವಿ ಆತು."

"ನಾಳಿ?"

"ನಾಳಿಂದು ನಾಳಿ. ನಿನ್ನ ಖಾಯಂ ಮಾಡೋ ಫೈಲು ಪಂಚಾಯ್ತ್ಯಾಗ ಐತಿ. ನೆನಪಿರ್ಲಿ."

ದಿನ್ನಿ ಓಣಿ ಎಂದರೆ ಊರಿನ ಎತ್ತರದ ತುದಿಯ ನಲವತ್ತೆರಡು ಮನೆ. ಮನೆಮನೆಗೆ ನಳ ಕೊಡುವ ಸರ್ಕಾರದ ಯೋಜನೆಯಲ್ಲಿ ಅವರಿಗೂ ನಳ ಬಂತು, ನೀರು ಏರಲಿಲ್ಲ. ಹೆಂಗಸರು ಅಂಗಳದಲ್ಲಿ ಮೊಣಕಾಲುದ್ದ ತಗ್ಗು ತೋಡಿ, ಪೈಪನ್ನು ಕೆಳಗೇ ಕತ್ತರಿಸಿ, ತೊಟ್ಟಿಕ್ಕುವ ನೀರಿಗೆ ಕೊಡ ಇಟ್ಟು ಕಾಯುವುದನ್ನು ಕಲಿತರು. ಗಟಾರ ಇಲ್ಲದ್ದರಿಂದ ಬಚ್ಚಲ ನೀರು ಆ ತಗ್ಗುಗಳ ಪಕ್ಕದಲ್ಲೇ ಹರಿಯುತ್ತದೆ.

ದಿನ್ನಿಗೆ ಬೇರೆ ನೀರಿನ ಟಾಕಿ ಬೇಕು, ಗಟಾರ ಬೇಕು ಎಂದು ಗ್ರಾಮಸಭೆ ಬೇಡಿಕೆ ಕಳಿಸಿತ್ತು. ಆದರೆ ಇವತ್ತು ದಿನ್ನಿಯ ನಳದಲ್ಲಿ ನೀರು ಕಂಡರೆ ಊರಿನ ಕೆಲಸ ಪೂರ್ಣ ಎಂದು ದಾಖಲಾಗುತ್ತದೆ. ಗುತ್ತಿಗೆದಾರರಿಗೆ ಕೊನೆಯ ಕಂತು ಸಿಗುತ್ತದೆ. ಪೂರ್ಣವಾದ ಊರಿಗೆ ಅದೇ ಕೆಲಸಕ್ಕೆ ಮತ್ತೆ ಹಣ ಬರುವುದಿಲ್ಲ. ಇದನ್ನು ಗುರಣ್ಣನಿಗೆ ಹೇಳಿದ್ದು ಪಂಚಾಯ್ತಿಯ ಪಿಡಿಓ, ಚಹಾ ಕುಡಿಯುತ್ತ, ಬೇರೆ ಯಾವುದೋ ಊರಿನ ಸುದ್ದಿ ಎಂಬಂತೆ.

ಹಿಂದಿನ ದಿನವೇ ಸುಭಾಷನ ಆಳುಗಳು ತಗ್ಗುಗಳಿಗೆ ಗರಸು ತುಂಬಿ, ಮೇಲೆ ಹೊಸ ನಳ ನಿಲ್ಲಿಸಿದ್ದರು. ನೆಲದೊಳಗೆ ಕತ್ತರಿಸಿದ ಪೈಪುಗಳಿಗೆ ಸೈಕಲ್ ಟ್ಯೂಬು ಸುತ್ತಿ ಬಿಗಿದದ್ದನ್ನು ಗುರಣ್ಣ ನೋಡಿದ್ದ.

ಒಂಬತ್ತೂವರೆಗೆ ಅವನು ಮೂರೂ ಓಣಿಯ ವಾಲ್ವ್ ಮುಚ್ಚಿದ. ಒಂದೊಂದಕ್ಕೆ ಹದಿನಾಲ್ಕು ಸುತ್ತು. ದಿನ್ನಿಯ ಪೈಪು ಖಾಲಿ ಇದ್ದಾಗ ಸಂದುಗಳಿಂದ ಬಚ್ಚಲ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ದಿನ್ನಿಗೆ ನೀರು ಬಿಡುವ ಮುಂಚೆ ಗುಂಡಿಯಲ್ಲಿರುವ ಸಣ್ಣ ವಾಲ್ವ್ ಬಿಚ್ಚಿ, ಒಳಗಿನ ಹೊಲಸು ಹರಿದುಹೋಗುವವರೆಗೆ ಕಾಯುವುದು ಅವನ ಪದ್ಧತಿ. ದಿನ್ನಿಗೆ ನಳ ಬಂದಾಗಿನಿಂದ ಒಮ್ಮೆಯೂ ತಪ್ಪಿಸಿದವನಲ್ಲ.

ಇವತ್ತು ಅವನು ಆ ವಾಲ್ವ್ ಮುಟ್ಟಲಿಲ್ಲ. ಸುಭಾಷ ಹೇಳಿದ ಕೆಲಸದಲ್ಲಿ ಅದು ಇರಲಿಲ್ಲ. ಮೇಡಂ ಕಣ್ಣೆದುರು ಕರಿ ನೀರು ಬೀಳಲಿ, ನಾತ ಹೊಡೆಯಲಿ, ತಾನು ಬಾಯಿ ಬಿಡದೆಯೇ ಅವರಿಗೆ ಎಲ್ಲ ತಿಳಿಯಲಿ ಎಂದುಕೊಂಡಿದ್ದ.

ಹತ್ತೂಕಾಲಿಗೆ ಜೀಪು ಬಂತು. ಪರಿಶೀಲನೆಯ ಎಂಜಿನಿಯರ್ ಪೂರ್ವಾ ದಿನ್ನಿ ಹತ್ತಿದ್ದನ್ನು ನೋಡಿ ಗುರಣ್ಣ ದೊಡ್ಡ ವಾಲ್ವ್ ತಿರುಗಿಸಿದ. ಚಾವಿಗೆ ಕಿವಿ ಕೊಟ್ಟ. ಮೊದಲು ಗಾಳಿ ಗೊರಗುಟ್ಟಿತು, ಆಮೇಲೆ ನೀರು ತುಂಬಿಕೊಂಡು ಮೇಲೇರುವ ಸದ್ದು. ಈಗ ದಿನ್ನಿಯಿಂದ ಬೈಗುಳ ಕೇಳಿಬರಬೇಕು ಎಂದು ಕಾದ.

ಕೇಳಿದ್ದು ಹೆಂಗಸರ ಕೇಕೆ. "ಬಂದಾವ! ನೀರ ಬಂದಾವಬೇ!"

ಅವನು ಗುಂಡಿಯಿಂದ ಎದ್ದು ಏರು ಹತ್ತಿದ. ಮೊದಲ ಮನೆ ಮಲಕವ್ವನದು. ಆಡು ಸಾಕಿಕೊಂಡಿರುವ, ಅರವತ್ತು ದಾಟಿದ ಹೆಂಗಸು. ಅವಳ ನಳದಲ್ಲಿ ನೀರು ಕರ್ರಗಿರಲಿಲ್ಲ. ಗಾಳಿ ಬೆರೆತು ಹಾಲಿನ ಹಾಗೆ ಬೆಳ್ಳಗೆ ಸುರಿಯುತ್ತಿತ್ತು. ಪೂರ್ವಾ ಮೊಬೈಲ್ ಹಿಡಿದಿದ್ದಳು. ಸುಭಾಷ ಕೈ ಕಟ್ಟಿ ನಿಂತಿದ್ದ. ಮಲಕವ್ವ ನಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಬೊಗಸೆ ಒಡ್ಡಿದಳು. ಹೊಸ ನೀರನ್ನು ಗಂಗವ್ವ ಎಂದು ಪೂಜಿಸಿ ಮೊದಲ ಬೊಗಸೆಯನ್ನು ತೀರ್ಥದಂತೆ ಕುಡಿಯುವುದು ಇಲ್ಲಿನ ರೂಢಿ. ಗುರಣ್ಣ ಎಲ್ಲ ಲೆಕ್ಕ ಹಾಕಿದ್ದ, ಇದೊಂದನ್ನು ಮರೆತಿದ್ದ.

"ಕುಡೀಬ್ಯಾಡಬೇ ಯವ್ವಾ! ಚೆಲ್ಲು!"

ಮಲಕವ್ವನ ಬೊಗಸೆ ತುಟಿಯ ಹತ್ತಿರ ನಿಂತಿತು.

"ಹುಚ್ಚ ಹಿಡದೈತಿ ಇವಂಗ," ಎಂದ ಸುಭಾಷ. "ಮುಂಜಾನಿಂದ ಹಿಂಗ ಒದರಾಕತ್ತಾನ್ರಿ ಮೇಡಂ."

"ಯಾಕ ಕುಡೀಬಾರ್ದು?" ಪೂರ್ವಾ ಕೇಳಿದಳು.

"ಬಚ್ಚಲ ನೀರು ಕೂಡೈತ್ರಿ ಅದರಾಗ."

ಪೂರ್ವಾ ಗಾಜಿನ ಬಾಟಲಿಗೆ ನೀರು ಹಿಡಿದು ಕಟ್ಟೆಯ ಮೇಲಿಟ್ಟಳು. ಬೆಳ್ಳಗಿನ ನೊರೆ ಮೆಲ್ಲಗೆ ಮೇಲೇರಿ ಆರಿತು. ಆಮೇಲೆ ತಳದಲ್ಲಿ ಬೂದು ಬಣ್ಣದ ರಾಡಿ ಕಾಣತೊಡಗಿತು. ಅವಳು ಮುಚ್ಚಳ ತೆಗೆದು ಮೂಸಿ, ಮುಖ ಹಿಂದಕ್ಕೆಳೆದುಕೊಂಡಳು.

"ಕೆಳಗಿನ ಓಣಿಗೂ ಈಗ ನೀರು ಹೊಂಟಾವೇನು?"

"ಇಲ್ರಿ. ಮೂರೂ ಬಂದ್ ಅದಾವ. ಅವು ಚಾಲೂ ಇದ್ರ ಈ ನಳಕ್ಕ ಒಂದ ಹನಿ ಏರಂಗಿಲ್ರಿ."

"ಯಾರು ಹೇಳಿದ್ರು ಬಂದ್ ಮಾಡಾಕ?"

ಗುರಣ್ಣ ಸುಭಾಷನ ಕಡೆ ನೋಡಿದ. ಸುಭಾಷ ಬೈಕಿನ ಕೀಲಿಯನ್ನು ಬೆರಳಿಗೆ ಸುತ್ತುತ್ತಿದ್ದ.

"ಚಾವಿ ನನ್ನ ಕೈಯಾಗ ಇತ್ರಿ."

ಮಲಕವ್ವ ಬೊಗಸೆಯ ನೀರನ್ನು ಅವನ ಕಾಲ ಹತ್ತಿರ ಚೆಲ್ಲಿದಳು. "ಗೊತ್ತಿದ್ದೂ ಬಿಟ್ಟಿಯೇನೋ ಗುರ್ಯಾ? ನನ್ನ ಮೊಮ್ಮಗಳು ಕುಡದಿದ್ರ?"

ಗುರಣ್ಣ ತಲೆ ತಗ್ಗಿಸಿ ಇಳಿದು ಹೋದ. ಮೂರೂ ವಾಲ್ವ್ ಬಿಚ್ಚಿದ, ಒಂದೊಂದಕ್ಕೆ ಹದಿನಾಲ್ಕು ಸುತ್ತು. ಅವನು ಕೊನೆಯದನ್ನು ಮುಗಿಸುವಷ್ಟರಲ್ಲಿ ಮೇಲೆ ಮಲಕವ್ವನ ನಳ ಮೊದಲಿನಂತೆ ಒಣಗಿತ್ತು. ಪೂರ್ವಾ ಅದರ ವೀಡಿಯೋ ಮಾಡಿಕೊಂಡಳು.

ವರದಿಯಲ್ಲಿ ಅವಳು "ಅಪೂರ್ಣ" ಎಂದು ಬರೆದಳು. ಕೊನೆಯ ಕಂತು ತಡೆಹಿಡಿಯಲಾಗಿದೆ. ಟಾಕಿ ಮತ್ತು ಗಟಾರದ ಬೇಡಿಕೆ ವಿಜಯಪುರದ ಕಚೇರಿಯಲ್ಲಿದೆ. ಸೋಮವಾರ ಪಂಚಾಯ್ತಿಯವರು ಗುರಣ್ಣನಿಂದ ಚಾವಿ ವಾಪಸು ತೆಗೆದುಕೊಂಡರು. ದಿನ್ನಿ ಓಣಿಗೆ ಈಗ ನೀರು ದಿನ ಬಿಟ್ಟು ದಿನ ಟ್ಯಾಂಕರಿನಲ್ಲಿ ಬರುತ್ತದೆ.