ಶೇಂಗಾ ಒಲ್ಲೆ ಅಂದಿದ್ದಳು ವೈನಿ

ಧಪ್... ಧಪ್... ಒರಳಲ್ಲಿ ಹುರಿದ ಶೇಂಗಾ ಕುಟ್ಟುವ ಸದ್ದು. ಬೈಲಹೊಂಗಲದಲ್ಲಿ ನಮಗೂ ಪಕ್ಕದ ಮನೆಗೂ ಒಂದೇ ಗೋಡೆ. ಅವರು ಕುಟ್ಟಿದರೆ ನಮ್ಮ ಗೋಡೆಯ ಮಾಡದೊಳಗಿನ ಲೋಟ ಅದುರುತ್ತಿತ್ತು. ಎಷ್ಟೋ ವರ್ಷ ಮರೆತಿದ್ದ ಆ ಸದ್ದು ಕಳೆದ ವಾರ ಕಿತ್ತೂರಿನ ದವಾಖಾನೆಯ ಬೆಂಚಿನ ಮೇಲೆ ಕೂತಾಗ ಮತ್ತೆ ಕೇಳಿಸಿತು.

ಮೊಮ್ಮಗಳು ಗೋಡಂಬಿ ಬರ್ಫಿ ತಿಂದು ಹತ್ತು ನಿಮಿಷಕ್ಕೆ ಉಸಿರಿಗೆ ಒದ್ದಾಡಿದ್ದಳು. ತೊಡೆಗೆ ಇಂಜೆಕ್ಷನ್ ಕೊಟ್ಟು ಉಳಿಸಿದ ಚಿಕ್ಕ ಪ್ರಾಯದ ಡಾಕ್ಟರ್ ನನಗೆ ಬಿಡಿಸಿ ಹೇಳಿದಳು. ಮೈಯ ರಕ್ಷಣಾ ವ್ಯವಸ್ಥೆ ನಿರಪಾಯದ ಕಾಳನ್ನು ವೈರಿ ಎಂದು ತಪ್ಪಾಗಿ ಗುರುತು ಹಾಕಿಕೊಳ್ಳುತ್ತದೆ, ಪ್ರತಿಕಾಯಗಳನ್ನು ತಯಾರಿಸಿ ಕೆಲವು ಜೀವಕೋಶಗಳ ಮೇಲೆ ಕಾವಲಿಗೆ ನಿಲ್ಲಿಸುತ್ತದೆ. ಅದೇ ಕಾಳು ಮತ್ತೆ ಬಂದರೆ ಆ ಕೋಶಗಳು ಒಡನೆಯೇ ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸುತ್ತವೆ. ಮೈ ಊದುತ್ತದೆ, ಗಂಟಲು ಕಟ್ಟುತ್ತದೆ, ಬಿ.ಪಿ. ಕುಸಿಯುತ್ತದೆ.

"ಚಿಟಿಕಿಯಷ್ಟ ಸಾಕ್ರಿ ಅಜ್ಜಿ," ಅಂದಳು.

ಚಿಟಿಕೆ! ಸಿಟ್ಟು ನೆತ್ತಿಗೇರಿತು...

ಪಕ್ಕದ ಮನೆಯ ಸೊಸೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ರಾಮದುರ್ಗದವಳು. ನಾನು ಕಾನ್ವೆಂಟಿನಿಂದ ರಜೆಗೆ ಬಂದರೆ, ಟೀಚರನ್ನು ಕರೆದ ಹಾಗೆ, "ಅಕ್ಕೋರ, ನನಗೂ ನಾಕ ಇಂಗ್ಲಿಷ್ ಕಲಸ್ರಿ" ಎಂದು ಕಾಡುತ್ತಿದ್ದಳು. ಶೇಂಗಾ ತಿಂದರೆ ತುಟಿ ಊದುತ್ತದೆಂದು ಮದುವೆಯಾಗಿ ಬಂದ ದಿನವೇ ಹೇಳಿದ್ದಳು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಲ್ಲದೆ ರೊಟ್ಟಿ ಇಳಿಯದ ಮನೆ ಅದು. ಅವಳ ಅತ್ತೆಗೆ ಅವಮಾನವಾಯಿತು.

"ಶೇಂಗಾ ಒಲ್ಲೆನಂತ ಇಕಿ! ತವರಮನ್ಯಾಗ ಬದಾಮಿ ಮೆದ್ದ ಬೆಳದಾಳೇನ?"

ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ತಕರಾರಿನವಳು ಎನ್ನಲು ಸ್ಟೈಲಾಗಿ ಇಂಗ್ಲಿಷಿನಲ್ಲಿ, "ಫಸ್ಸಿ" ಅಂದೆ.

ಕ್ರಿಸ್‌ಮಸ್ ರಜೆಯಲ್ಲಿ ಎಳ್ಳಮಾವಾಸ್ಯೆ ಬಂತು. ಭೂಮಿತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಿ ಅಲ್ಲೇ ಊಟ ಮಾಡಲು ನನ್ನನ್ನೂ ಕರೆದಿದ್ದರು. ವೈನಿ ತನಗೆಂದು ಎಳ್ಳು ಹಾಕಿ ಬೇರೆ ಮಾಡಿಟ್ಟ ಬದನೆಕಾಯಿ ಪಲ್ಯಕ್ಕೆ ಬುತ್ತಿ ಕಟ್ಟುವಾಗ ಅತ್ತೆ ಚಿಟಿಕೆ ಶೇಂಗಾ ಪುಡಿ ಬೆರೆಸಿದ್ದನ್ನು ಅವರ ಅಡಿಗೆಮನೆಯಲ್ಲಿ ನಾನು ಕಣ್ಣಾರೆ ಕಂಡೆ.

"ಬಾಯಿ ಬಿಡಬ್ಯಾಡ ನೋಡವಾ. ಇವತ್ತ ಇಕಿ ನಖರಾ ಬಿಡಸ್ತೇನಿ."

ನಾನು ಬಾಯಿ ಬಿಡಲಿಲ್ಲ. ಜೋಕ್ ಎಂದುಕೊಂಡೆ.

ಹೊಲದಲ್ಲಿ ಎರಡನೇ ತುತ್ತಿಗೇ ವೈನಿ ಗಂಟಲು ಹಿಡಿದುಕೊಂಡಳು. ಕಣ್ಣು ಮುಚ್ಚುವಷ್ಟು ಮುಖ ಊದಿತು. "ಏನ್ ಹಾಕೀರ್ರಿ ಅತ್ತಿ..." ದನಿ ಅಲ್ಲಿಗೇ ಕಟ್ಟಿತು. ಅತ್ತೆ ಮಾತ್ರ, "ಎದ್ದ ಕುಂಡ್ರ, ನಾಟಕ ಸಾಕ" ಅನ್ನುತ್ತಲೇ ಇದ್ದಳು. ಗಂಡ ಎತ್ತಿಕೊಂಡು ರಸ್ತೆಗೆ ಓಡಿದ; ಯಾರದೋ ಜೀಪು ಸಿಕ್ಕಿತು, ದವಾಖಾನೆಯ ಸೂಜಿಗೆ ಜೀವ ಉಳಿಯಿತು.

ಆಮೇಲೆ ಆ ಮನೆಯವರು ಮಾಡಿದ್ದೇನು? ರೋಗಿಷ್ಟ ಹುಡುಗಿಯನ್ನು ಕೊಟ್ಟು ಮೋಸ ಮಾಡಿದರೆಂದು ಅವಳ ಅಪ್ಪನನ್ನು ಕರೆಸಿದರು. ಹಿರಿಯರು ಪಡಸಾಲೆಯಲ್ಲಿ ಚಹಾ ಕುಡಿದು, ಅವಳನ್ನು ತವರಿಗೆ ಕಳಿಸಬೇಕೆಂದು ನ್ಯಾಯ ಹೇಳಿದರು. ಪಲ್ಯದಲ್ಲಿ ಏನಿತ್ತೆಂದು ಒಬ್ಬನಾದರೂ ಕೇಳಲಿಲ್ಲ. ಗಂಡ ತಲೆ ತಗ್ಗಿಸಿ ಕೂತ. ಕೌವರ್ಡ್, ಹೇಡಿ! ಮತ್ತೆ ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನು? ಸತ್ಯ ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳಿಂದ ಅಷ್ಟು ವರ್ಷ ಕಲಿತ ನಾನು?

ನನ್ನ ಮೊಮ್ಮಗಳನ್ನು ಇವತ್ತು ಯಾರೂ ನಖರಾದವಳು ಎನ್ನುವುದಿಲ್ಲ. ಡಾಕ್ಟರ ಚೀಟಿಯಿದೆ. ವೈನಿಗೆ ಅವಳ ಮಾತೊಂದೇ ಇತ್ತು, ಅದನ್ನು ನಾವು ನಂಬಲಿಲ್ಲ. ಈಗ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ... ಒಂದು ಕಾಗದವನ್ನೂ ನಾನು ಬರೆಯಲಿಲ್ಲ.

ಕೊನೆಯ ಸಲ ಕಂಡದ್ದು ಬಸ್‌ಸ್ಟ್ಯಾಂಡಿನಲ್ಲಿ. ಅವಳ ಅಪ್ಪ ಟ್ರಂಕನ್ನು ಸೀಟಿನಡಿಗೆ ತಳ್ಳುತ್ತಿದ್ದ. ಕಿಟಕಿಯಿಂದ ವೈನಿ ನನ್ನನ್ನೇ ನೋಡಿದಳು.

"ತಂಗಿ, ಬುತ್ತಿ ಕಟ್ಟೂ ಮುಂದ ನೀ ಅಡಗಿಮನ್ಯಾಗ ಇದ್ದಿ, ಹೌದಿಲ್ಲ?"

ಬಸ್ಸು ಬಿಡಲು ಇನ್ನೂ ಹೊತ್ತಿತ್ತು. ನಾನು ಬೆನ್ನು ತಿರುಗಿಸಿ ಮನೆಗೆ ನಡೆದೆ.