ಶೇಡಿ ಮಣ್ಣಿನ ಎರಡು ಪರೀಕ್ಷೆ

೧೯೩೬ರಲ್ಲಿ ನಾನು ಸರಕಾರಿ ಇಲಾಖೆಯೊಂದರಲ್ಲಿ ಹಂಗಾಮಿ ಮಣ್ಣು ಪರೀಕ್ಷಕನಾಗಿದ್ದೆ. ಬಿಡಾರ ಶಿರಸಿಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಪಿಂಗಾಣಿಗೆ ಒದಗುವ ಮಣ್ಣು, ಕಲ್ಲು ಹುಡುಕುವುದು ನನ್ನ ಕೆಲಸ. ಪಿಂಗಾಣಿಗೆ ಮುಖ್ಯವಾಗಿ ಮೂರು ವಸ್ತು ಬೇಕು: ಸುಟ್ಟ ಮೇಲೂ ಬೆಳ್ಳಗೆ ಉಳಿಯುವ ಮಣ್ಣು, ಗಟ್ಟಿತನ ಕೊಡುವ ಬೆಣಚುಕಲ್ಲಿನ ಪುಡಿ, ಉರಿಯಲ್ಲಿ ಕರಗಿ ಎರಡನ್ನೂ ಬೆಸೆಯುವ ಫೆಲ್ಡ್‌ಸ್ಪಾರ್ ಎಂಬ ಕಲ್ಲು. ಯಲ್ಲಾಪುರದ ಹಳ್ಳಗಳಲ್ಲಿ ಬೆಣಚುಕಲ್ಲು ಬೇಕಾದಷ್ಟು ಸಿಕ್ಕಿತು. ಫೆಲ್ಡ್‌ಸ್ಪಾರ್ ಹೊರಗಿನಿಂದ ತರಿಸಬಹುದಿತ್ತು. ಕೈಕೊಟ್ಟದ್ದು ಮಣ್ಣು. ಗುಡ್ನಾಪುರದ ಕೆರೆಮಣ್ಣು ಸುಟ್ಟರೆ ಹಂಚಿನಷ್ಟು ಕೆಂಪು. ಶಿರಸಿ ಸುತ್ತಿನ ಮಣ್ಣೂ ಹಾಗೇ. ಎಂಟು ತಿಂಗಳು ಬೂಟು ಸವೆಸಿದ್ದೇ ಬಂತು.

ಮಳೆಗಾಲ ಮುಗಿಯುತ್ತ ಬಂದಾಗ ಸಿದ್ದಾಪುರದ ಹತ್ತಿರ ಕೋಲಸಿರ್ಸಿಯಲ್ಲಿ ಕುಂಬಾರ ತಿಮ್ಮಣ್ಣ ಸಿಕ್ಕ. ಪೇಟೆಗೆ ಅಲ್ಯುಮಿನಿಯಂ ಪಾತ್ರೆ ಬಂದ ಮೇಲೆ ಅವನ ಗಡಿಗೆ, ಮಡಕೆಗಳನ್ನು ಕೇಳುವವರು ಕಡಿಮೆಯಾಗಿದ್ದರು. ಬೇಸಿಗೆಯಲ್ಲಿ ನೀರಿನ ಕೊಡ ಮಾರಿದ್ದರ ಮೇಲೆ ವರ್ಷವಿಡೀ ಮನೆ ನಡೆಯಬೇಕು. ಬಿಳಿ ಮಣ್ಣು ಸಿಕ್ಕಿದರೆ ಇಲಾಖೆ ಇಲ್ಲೇ ಪಿಂಗಾಣಿ ಶಾಲೆ ತೆರೆಯುತ್ತದೆ, ನಿನಗೆ ಮೊದಲ ಕೆಲಸ ಎಂದೆ. ಅವನ ಮುಖ ಅರಳಿತು. ಗುಡ್ಡದ ಇಳಿಜಾರಿನಲ್ಲಿದ್ದ ಶೇಡಿ ಗುಂಡಿಯನ್ನು ತೋರಿಸಿದ. ಶೇಡಿ ಎಂದರೆ ಇಲ್ಲಿಯವರು ಗೋಡೆಗೆ ಬಳಿಯುವ ಬಿಳಿ ಮಣ್ಣು.

ದಾರಿ ಜಾರುತ್ತಿತ್ತು, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಬೇರೆ. ನನಗೆ ಇಳಿಯುವ ಮನಸ್ಸಾಗಲಿಲ್ಲ. "ಐದು ಸೇರು ಮಣ್ಣು ನಾನು ಇಳಿದುಕೊಂಡ ಸರಕಾರಿ ಬಂಗಲೆಗೆ ತಂದುಕೊಡು" ಎಂದು ಹೇಳಿ ಹಿಂತಿರುಗಿದೆ. ಮರುದಿನ ಅವನು ತಂದುಕೊಟ್ಟ. ಹಿಟ್ಟಿನಷ್ಟು ನಯವಾದ ಉಂಡೆಗಳು. ಮಾದರಿ ಪುಸ್ತಕದಲ್ಲಿ "ಗುಂಡಿಯಿಂದ ತೆಗೆದ ಕಚ್ಚಾ ಮಣ್ಣು" ಎಂದು ಬರೆದು ಪ್ರಯೋಗಾಲಯಕ್ಕೆ ಕಳಿಸಿದೆ.

ಫಲಿತಾಂಶ ಕಂಡು ಕುಣಿಯುವುದೊಂದು ಬಾಕಿ. ಪರೀಕ್ಷೆಗೆಂದು ಆ ಮಣ್ಣಿನಿಂದ ತಟ್ಟಿದ ಬಿಲ್ಲೆ ಒಣಗುವಾಗ ಸೀಳಿರಲಿಲ್ಲ. ಸಾವಿರದ ಮುನ್ನೂರು ಡಿಗ್ರಿ ಉರಿಯಲ್ಲಿ ಸುಟ್ಟ ಮೇಲೂ ಒಂದು ಚುಕ್ಕೆ ಇಲ್ಲದೆ ಬೆಳ್ಳಗಿತ್ತು. ನಮ್ಮ ಮೇಲಧಿಕಾರಿ ಮೋಟಾರಿನಲ್ಲಿ ಕೋಲಸಿರ್ಸಿಗೆ ಬಂದರು. ತಿಮ್ಮಣ್ಣನ ಅಂಗಳ ರಸ್ತೆಗೂ ನೀರಿಗೂ ಹತ್ತಿರ ಎಂದು ಮೆಚ್ಚಿ, ಅವನು ಮಡಕೆ ಸುಡುವ ಆವಿಗೆಯ ಕಡೆ ಕೋಲು ತೋರಿಸಿ "ಭಟ್ಟಿ ಇಲ್ಲಿ" ಎಂದರು. ಎಂಟು ದಿನದಲ್ಲಿ ತಿಮ್ಮಣ್ಣ ತನ್ನ ಆವಿಗೆಯನ್ನು ತಾನೇ ಕೆಡವಿ ಜಾಗ ಸಾಪು ಮಾಡಿಬಿಟ್ಟಿದ್ದ.

"ಸರಕಾರದ ಭಟ್ಟಿ ಬರೂದಾದ್ರೆ ಈ ಹಳೇದು ಎಂತಕ್ಕೆ ಸಾಹೇಬ್ರೆ?" ಎಂದ. ಆದೇಶ ಇನ್ನೂ ಬಂದಿಲ್ಲ, ತಡಿ ಮಾರಾಯ ಎನ್ನಬೇಕಿತ್ತು. ನಾನೂ ಅವನ ಜತೆ ನಕ್ಕೆ.

ಆದೇಶಕ್ಕೆ ಮೊದಲು ಪ್ರಯೋಗಾಲಯ ಇನ್ನೂ ಹತ್ತು ಚೀಲ ಕೇಳಿತು. ಈ ಸಲ ನೆಲ ಒಣಗಿತ್ತು. ಗುಂಡಿಯ ಬಾಯಲ್ಲಿ ನಾನೇ ನಿಂತು ಆಳುಗಳಿಂದ ಅಗೆಸಿದೆ. ಉತ್ತರ ಬಂತು: ಮೈತುಂಬ ಕಂದು ಚುಕ್ಕೆ, ಬಿಲ್ಲೆಗಳು ಒಣಗುವಾಗಲೇ ಸೀಳಿವೆ. ಪ್ರಯೋಗಾಲಯದವರಿಗೆ ಕಣ್ಣಿಲ್ಲ ಎಂದು ಬೈದೆ. ಆಳುಗಳನ್ನು ಬೈದೆ. ಅದೇ ಗುಂಡಿಯ ಮೂರು ಮೂಲೆ ಅಗೆಸಿ ಮತ್ತೆ ಮತ್ತೆ ಕಳಿಸಿದೆ. ಮೂರಕ್ಕೂ ಅದೇ ಹಾಡು. ಕೊನೆಗೆ ಮೇಲಧಿಕಾರಿಯ ಪತ್ರ: "ಮೊದಲ ಮಾದರಿ ನಿಜಕ್ಕೂ ಎಲ್ಲಿಯದು?" ನಾನು ಬೇರೆ ಕಡೆಯಿಂದ ಒಳ್ಳೆಯ ಮಣ್ಣು ತರಿಸಿ ಕಣ್ಣಿಗೆ ಮಣ್ಣೆರಚಿದೆ ಎಂಬ ಅನುಮಾನ!

ಹಳೆಯ ಮಾದರಿಯಲ್ಲಿ ಉಳಿದಿದ್ದ ಉಂಡೆ, ಹೊಸ ಮಣ್ಣಿನ ಹೆಂಟೆ ಎರಡನ್ನೂ ಹಿಡಿದು ತಿಮ್ಮಣ್ಣನ ಮನೆಗೆ ಹೋಗಿ ಕೂಗಾಡಿದೆ. ಅವನ ಹೆಂಡತಿ ದೇವಮ್ಮ ಹೊರಬಂದು ಉಂಡೆಯನ್ನು ಕೈಗೆತ್ತಿಕೊಂಡಳು.

"ಇದು ನಾ ಸೋಸಿಟ್ಟ ಉಂಡೆ ಅಲ್ದಾ?" ಎಂದಳು.

ಕೇಳುತ್ತ ಹೋದಂತೆ ಎಲ್ಲ ಹೊರಬಂತು. ದೀಪಾವಳಿಗೆ ಗೋಡೆ ಬಳಿಯಲು ಅವಳು ಶೇಡಿ ತಂದು, ಒಂದೊಂದೇ ಹೆಂಟೆ ಒಡೆದು, ಕೆಂಪು ಗೆರೆ ಕಂಡದ್ದನ್ನು ಎಸೆಯುತ್ತಾಳೆ. ಉಳಿದದ್ದನ್ನು ನೀರಲ್ಲಿ ಕದಡಿ, ಹಳೆ ಸೀರೆಯಲ್ಲಿ ಸೋಸಿ, ಅನ್ನದ ಗಂಜಿ ಕಲಸಿ ಉಂಡೆ ಕಟ್ಟಿಡುತ್ತಾಳೆ. ಗೋಡೆಗೆ ಒರಗಿದವರ ಬೆನ್ನಿಗೆ ಬಿಳಿ ಹತ್ತಬಾರದೆಂದು ಗಂಜಿ. ನಮ್ಮ ಬಿಲ್ಲೆ ಸೀಳದಂತೆ ಹಿಡಿದಿಟ್ಟದ್ದೂ ಆ ಗಂಜಿಯೇ!

"ಸರಕಾರಕ್ಕೆ ಕಳಿಸೂದು ಅಂದ್ರು ಇವ್ರು. ಗುಂಡಿದು ಹಾಂಗೇ ಕೊಡೂಕಾಗ್ತದ? ಹಬ್ಬಕ್ಕೆ ಇಟ್ಟಿದ್ದೇ ಕೊಟ್ಟೆ."

"ಮೊದಲೇ ಹೇಳಬಾರದಿತ್ತೇ?"

"ನೀವು ಕೇಳಿದ್ರಾ?"

ಕೇಳಿರಲಿಲ್ಲ. ರಸಾಯನಶಾಸ್ತ್ರ ಓದಿದವನು ಕುಂಬಾರನ ಹೆಂಡತಿಯನ್ನು ಮಣ್ಣಿನ ಬಗ್ಗೆ ಕೇಳುವುದೇ? ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

ಅವಳ ಕೈಯಿಂದಲೇ ಕಚ್ಚಾ ಮಣ್ಣನ್ನು ಆರಿಸಿ, ಗಂಜಿ ಹಾಕದೆ ಸೋಸಿಸಿದೆ. ಹತ್ತು ಪಾಲು ಮಣ್ಣಿಗೆ ಮೂರೇ ಪಾಲು ಉಳಿಯಿತು. ಸುಟ್ಟಾಗ ಅದು ಬೆಳ್ಳಗೇ ಬಂತು. ಜಿಗುಟು ಮಾತ್ರ ಸಾಲದು, ಹೊರಗಿನ ಅಂಟುಮಣ್ಣು ಸ್ವಲ್ಪ ಬೆರೆಸಬೇಕು. ಆದರೂ ಪಿಂಗಾಣಿ ಆಗುತ್ತಿತ್ತು. ತಪ್ಪು ನನ್ನದು, ಮಣ್ಣಿನದಲ್ಲ ಎಂದು ಬಿಚ್ಚಿ ವರದಿ ಬರೆದೆ. ಮೂರು ವಾರದ ಮೇಲೆ ಉತ್ತರ ಬಂತು: ಈ ಪರೀಕ್ಷಕರ ಮಾದರಿಗಳನ್ನು ನಂಬುವಂತಿಲ್ಲ, ಕೋಲಸಿರ್ಸಿಯ ಶಾಲೆಯ ವಿಚಾರ ಕೈಬಿಡಲಾಗಿದೆ. ಮತ್ತೆ ಬರೆದೆ, ಎದುರು ಹೋಗಿ ನಿಂತು ವಾದಿಸಿದೆ. ಒಮ್ಮೆ ಮುಚ್ಚಿದ ಫೈಲನ್ನು ತೆರೆಸುವುದಕ್ಕಿಂತ ಬಂಡೆ ಒಡೆಯುವುದು ಸುಲಭ.

ಸುದ್ದಿ ಹೇಳಲು ಹೋದಾಗ ಬೇಸಿಗೆ ಕೊನೆಗೆ ಬಂದಿತ್ತು. ಜನ ನೀರಿನ ಕೊಡಗಳನ್ನು ಬೇರೆ ಊರಿನ ಕುಂಬಾರರಿಂದ ಕೊಂಡಾಗಿತ್ತು. ತಿಮ್ಮಣ್ಣ ಹೊಸ ಆವಿಗೆಗೆ ಕಲ್ಲು ಕೂರಿಸುತ್ತಿದ್ದ. ಕಾಗದ ಓದಿ ಹೇಳಿದೆ. ಅವನು ಕೈಯ ಕೆಸರು ಒರೆಸಿಕೊಂಡು ಎದ್ದು ನಿಂತ.

"ಈ ಬ್ಯಾಸಗೆ ಅಂತೂ ಹೋಯ್ತು. ಮಳೆಗಾಲ ಹ್ಯಾಂಗೆ ಕಳಿಯೂದು ಅಂತ ಏನಾದ್ರೂ ಬರ್ದಾರಾ ಸಾಹೇಬ್ರೆ ಅದ್ರಲ್ಲಿ?"

ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದ್ದ. ಇಲ್ಲ ಎಂದೆ. ಅವನು ಮತ್ತೆ ಕಲ್ಲಿನ ಕಡೆ ಬಗ್ಗಿದ.

ಆಮೇಲೆ ಬೇರೆ ಕಡೆ ನೌಕರಿ ಸಿಕ್ಕಿ, ನಿವೃತ್ತನಾಗುವವರೆಗೂ ಇದೇ ವೃತ್ತಿಯಲ್ಲಿದ್ದೆ. ನಾನೇ ಗುಂಡಿಗಿಳಿಯದೆ, ಆ ಮಣ್ಣನ್ನು ಮನೆಯಲ್ಲಿ ಬಳಸುವ ಹೆಂಗಸರನ್ನು ಕೇಳದೆ ಒಂದು ಮಾದರಿಗೂ ಚೀಟಿ ಅಂಟಿಸಲಿಲ್ಲ. ಎಂಥ ಎಚ್ಚರಿಕೆಯ ಮನುಷ್ಯ ಎಂದು ಹೊಗಳಿದರು, ಬಡ್ತಿಯನ್ನೂ ಕೊಟ್ಟರು. ಆ ಪಾಠ ಕಲಿತದ್ದು ನಾನು; ಅದಕ್ಕಾಗಿ ಆವಿಗೆ ಕೆಡವಿಕೊಂಡವನು ತಿಮ್ಮಣ್ಣ.